ಹೊರಗೆ ಕನ್ನಡ, ಒಳಗೆ ಇಂಗ್ಲಿಷು!

ಕನ್ನಡದ ಯುವಕ ಯುವತಿಯರೇ,

ನಿಜಾಮನ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ, ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಬೋರ್ಡು ಸರ್ಕಾರದ್ದು, ಉಸಿರು ನಮ್ಮದು! ಬೀದರ ಜಿಲ್ಲೆಯಲ್ಲಿ ಇವತ್ತು ಕನ್ನಡ ಉಳಿದಿದ್ದರೆ ಅದರ ಹಿಂದೆ ಇಂಥವರ ಬೆವರಿದೆ.

ಈಗ ನಮ್ಮ ಕಂಪ್ಯೂಟರುಗಳಲ್ಲಿ ಏನು ನಡೆದಿದೆ? ಪೂರ್ತಿ ಉಲ್ಟಾ! ಹೊರಗೆ ಕನ್ನಡ, ಒಳಗೆ ಇಂಗ್ಲಿಷು. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ 'ಕನ್ನಡ' ಎಂದು ಹೊಡೆಯಿರಿ. ಫೈಲಿನೊಳಗೆ ಕೂರುವುದು 'ಪಿ' ಅಕ್ಷರದಿಂದ ಶುರುವಾಗಿ, ನಡುವೆ ಬ್ರಿಟಿಷರ ಪೌಂಡ್ ಗುರುತು ಹೊತ್ತ ಇಂಗ್ಲಿಷ್ ಸಾಲು! ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಮಾತ್ರ ಅದಕ್ಕೆ ಕನ್ನಡದ ಮುಖವಾಡ. ಫಾಂಟು ಇಲ್ಲದಲ್ಲಿ ಮುಖವಾಡ ಕಳಚಿ ಬೀಳುತ್ತದೆ.

ಎಕ್ಸೆಲ್ ಪಟ್ಟಿಗಳ ಪಾಡಂತೂ ಕೇಳಬೇಡಿ. ಔರಾದಿನಲ್ಲಿ ಫಲಾನುಭವಿಗಳ ಪಟ್ಟಿ ಒಂದೇ ಹಾಳೆಯಲ್ಲಿ ಚೊಕ್ಕವಾಗಿರುತ್ತದೆ. ಭಾಲ್ಕಿಯಲ್ಲಿ ತೆರೆದರೆ ಎರಡು ಹಾಳೆ. ಬೀದರಿನ ಪ್ರೆಸ್ಸಿಗೆ ಬರುವ ಹೊತ್ತಿಗೆ ಹೆಸರು ಒಂದು ಹಾಳೆಯಲ್ಲಿ, ಹಣದ ಮೊತ್ತ ಇನ್ನೊಂದು ಹಾಳೆಯಲ್ಲಿ! ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗಿರುತ್ತದೆ.

ಇದು ಮಾಟವಲ್ಲ, ಲೆಕ್ಕ. ಎಕ್ಸೆಲ್ಲು ಕಾಲಮ್ಮಿನ ಅಗಲವನ್ನು ಅಳೆಯುವುದು ಮೂಲ ಫಾಂಟಿನ ಅಂಕಿಯ ಅಗಲದಿಂದ. 2003ರ ಆವೃತ್ತಿಯವರೆಗೆ ಆ ಫಾಂಟು ಏರಿಯಲ್ ಆಗಿತ್ತು, 2007ರ ಆವೃತ್ತಿಯಲ್ಲಿ ಕ್ಯಾಲಿಬ್ರಿ ಆಯಿತು. ಫಾಂಟು ಸಿಗದಿದ್ದರೆ ಕಂಪ್ಯೂಟರು ಇನ್ನೊಂದನ್ನು ತಂದು ಕೂರಿಸುತ್ತದೆ. ಅಗಲ ಬದಲಾಗಿ, ಸಾಲು ಮುರಿದು, ಪುಟ ಜಾರುತ್ತದೆ. ಪ್ರಿಂಟರು ಬದಲಾದರೂ ಪುಟ ಮುರಿಯುವ ಜಾಗ ಬದಲಾಗಬಹುದು. ಕಾಗದದ ಅಳತೆಯೂ ಅಷ್ಟೇ: ಎ4 ಹಾಳೆಯ ಉದ್ದ 297 ಮಿ.ಮೀ., ಅಮೆರಿಕದ ಲೆಟರ್ ಹಾಳೆಯದು 279. ಆ 18 ಮಿ.ಮೀ.ನಲ್ಲಿ ಮೂರು ಬಡವರ ಹೆಸರು ಹಾಳೆಯಿಂದ ಆಚೆ!

ಇಂಗ್ಲಿಷ್ ಪಟ್ಟಿಯೂ ಹೀಗೆಯೇ ಜಾರುತ್ತದೆ. ಆಗ ಸಾಹೇಬರು 'ಸೆಟ್ಟಿಂಗ್ ಸರಿ ಮಾಡಿ' ಅನ್ನುತ್ತಾರೆ. ಕನ್ನಡದ ಪಟ್ಟಿ ಜಾರಿದರೆ? 'ಕನ್ನಡದಾಗ ಬರೇ ತ್ರಾಸ ಐತ್ರೀ, ಇಂಗ್ಲಿಷ್‌ನಾಗೇ ಮಾಡ್ರಿ!' ರೋಗ ಒಂದೇ. ಇಂಗ್ಲಿಷಿಗೆ ಔಷಧ, ಕನ್ನಡಕ್ಕೆ ಗಡಿಪಾರು! 1963ರಲ್ಲೇ ಕನ್ನಡವನ್ನು ಆಡಳಿತ ಭಾಷೆ ಮಾಡಿ ಕಾಯ್ದೆ ಬಂತು. ಯಾವ ಆದೇಶವೂ ಇಲ್ಲದೆ, ಬರೇ ಕಾಲಮ್ಮಿನ ನೆಪದಲ್ಲಿ ಅದನ್ನು ಮೇಜಿನಿಂದ ಕೆಳಗಿಳಿಸುವುದಾದರೆ ಆ ಕಾಯ್ದೆ ಯಾತಕ್ಕೆ?

ನುಡಿ, ಬರಹ ತಂತ್ರಾಂಶಗಳನ್ನು ನಾನು ಹಳಿಯುತ್ತಿಲ್ಲ. ಮೊಳೆ ಜೋಡಿಸುತ್ತಿದ್ದ ನಮ್ಮಂಥವರ ಕೈಗೆ ಕಂಪ್ಯೂಟರಿನಲ್ಲಿ ಕನ್ನಡ ಕೊಟ್ಟವರು ಅವರು. ಆದರೆ 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿದೆ. ಅಲ್ಲಿ 'ಕ' ಅಂದರೆ 'ಕ'ನೇ, 'ಪಿ' ಅಲ್ಲ! ನುಡಿಯಲ್ಲೂ ಯೂನಿಕೋಡ್ ಬಂದಿದೆ. ಸ್ವಂತ ಮನೆ ಕಟ್ಟಿ ಕೊಟ್ಟ ಮೇಲೂ ಬಾಡಿಗೆ ಗುಡಿಸಲಲ್ಲಿ ಕೂತಿರುವ ಈ ಸೋಮಾರಿತನಕ್ಕೆ ಏನನ್ನಬೇಕು?

ನಮ್ಮ ಬೇಡಿಕೆ ಚಂದ್ರಲೋಕದ್ದಲ್ಲ.

ಒಂದು: ಕಚೇರಿಯ ಪ್ರತಿ ಪಟ್ಟಿಯೂ ಯೂನಿಕೋಡಿನಲ್ಲಿರಲಿ.

ಎರಡು: ಎಲ್ಲ ಕಚೇರಿಗಳಿಗೂ ಒಂದೇ ಫಾಂಟು ಇರಲಿ. ನೋಟೋದಂಥವು ಪುಕ್ಕಟೆ ಸಿಗುತ್ತವೆ, ಟೆಂಡರೂ ಬೇಡ, ಕಮಿಷನ್ನೂ ಬೇಡ. ಅದಕ್ಕೇ ಯಾರಿಗೂ ಉತ್ಸಾಹವಿಲ್ಲವೋ ಏನೋ!

ಮೂರು: ಕಾಗದ ಎ4, ಅಗಲ ಒಂದೇ ಪುಟಕ್ಕೆ ಹೊಂದುವಂತೆ ಮೊದಲೇ ಗೊತ್ತುಮಾಡಲಿ.

ನಾಲ್ಕು: ಅಚ್ಚಿಗೆ ಕೊಡುವಾಗ ಫಾಂಟು ಒಳಗೇ ಸೇರಿಸಿದ ಪಿಡಿಎಫ್ ಕೊಡಲಿ. ಅದು ಯಾವ ಊರಿನಲ್ಲಿ ತೆರೆದರೂ ಜಾರುವುದಿಲ್ಲ.

ಯುವಕರೇ, ಕನ್ನಡದ ಹೋರಾಟ ಅಂದರೆ ಬೋರ್ಡಿಗೆ ಮಸಿ ಬಳಿಯುವುದಷ್ಟೇ ಅಲ್ಲ. ಕಂಪ್ಯೂಟರ್ ಬಲ್ಲವರು ನೀವು. ನಾಳೆಯೇ ನಿಮ್ಮ ಊರಿನ ಪಂಚಾಯ್ತಿಗೆ, ಶಾಲೆಗೆ, ಸಹಕಾರಿ ಸಂಘಕ್ಕೆ ಹೋಗಿ. ಹಳೆಯ ಪಟ್ಟಿಗಳನ್ನು ಯೂನಿಕೋಡಿಗೆ ತಿರುಗಿಸಿ ಕೊಡಿ, ಗುಮಾಸ್ತರಿಗೆ ಕಲಿಸಿಕೊಡಿ. 'ಆಗೋದಿಲ್ಲ' ಅಂದರೆ ಅವರೆದುರೇ ಕೂತು ಮಾಡಿ ತೋರಿಸಿ!

ಹೊರಗೂ ಕನ್ನಡ, ಒಳಗೂ ಕನ್ನಡ. ಅದಕ್ಕಿಂತ ಒಂದಿಂಚು ಕಡಿಮೆಗೂ ಒಪ್ಪಬೇಡಿ!