ಕೆರೆಯ ನೀರಷ್ಟೇ ಅಲ್ಲ, ಕಳೆಯನ್ನೂ ಪರೀಕ್ಷಿಸಬೇಕು



ಸಾವಿರ ಅಡಿ ಕೊರೆಸಿದರೂ ನೀರು ಕಾಣದೆ ಸಾಲಕ್ಕೆ ಬಿದ್ದ ಚಿಂತಾಮಣಿ, ಶಿಡ್ಲಘಟ್ಟದ ಬೇಸಾಯಗಾರರಿಗೆ ತುಂಬಿದ ಕೆರೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಿಂದ ಚಿಕ್ಕಬಳ್ಳಾಪುರದ ಕಡೆಗೂ, ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಿಂದ ಕೋಲಾರ, ಚಿಂತಾಮಣಿಗಳ ಕಡೆಗೂ ಬರುತ್ತಿದೆ. ಈ ನೀರು ಬೇಡವೆಂಬುದು ನಮ್ಮ ವಾದವಲ್ಲ. ಆದರೆ ನೀರನ್ನು ಪರೀಕ್ಷಿಸಿದರೆ ಸಾಕು, ಅದರಲ್ಲಿ ಬೆಳೆದ ಕಳೆಯನ್ನೂ ತಳದ ಹೂಳನ್ನೂ ನೋಡಬೇಕಾಗಿಲ್ಲ ಎಂಬ ಧೋರಣೆ ಸರಿಯಲ್ಲ.

2018ರ ಜುಲೈನಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಕಣ್ಣಿಗೆ ಕಂಡಿದ್ದರಿಂದ ಜನ ದನಿಯೆತ್ತಿದರು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳು ಹಾಗೆ ಕಾಣುವುದಿಲ್ಲ, ವಾಸನೆಯನ್ನೂ ಬೀರುವುದಿಲ್ಲ. ಬ್ಯಾಟರಿ, ಬಣ್ಣ, ಲೋಹಲೇಪನ ಮುಂತಾದ ಕಸುಬುಗಳ ತ್ಯಾಜ್ಯದಿಂದ ಇವು ನಗರದ ಚರಂಡಿ ಸೇರಬಲ್ಲವು. ಎರಡನೆಯ ಹಂತದ ಶುದ್ಧೀಕರಣದ ಮುಖ್ಯ ಉದ್ದೇಶ ಕೊಳೆಯುವ ಕಲ್ಮಷವನ್ನು ತೆಗೆಯುವುದೇ ಹೊರತು ಲೋಹವನ್ನು ತೆಗೆಯುವುದಲ್ಲ.

ನೇರಳೆ ಹೂ ಬಿಡುವ ಹಯಸಿಂತ್ ಕಳೆ, ಅಂತರಗಂಗೆ, ಜೊಂಡು ಇವು ನೀರಿನಲ್ಲಿರುವ ಲೋಹವನ್ನು ಬೇರಿನಿಂದ ಹೀರಿ ಕೂಡಿಡುತ್ತವೆ. ನೀರಿನಲ್ಲಿ ಲವಲೇಶವಿದ್ದರೂ ಗಿಡದಲ್ಲಿ ಅದರ ಹಲವು ಪಟ್ಟು ಶೇಖರವಾಗುತ್ತದೆ. ಎಲೆಗಿಂತ ಬೇರಿನಲ್ಲಿ ಹೆಚ್ಚು. ಕಳೆಯನ್ನು ಸಕಾಲದಲ್ಲಿ ತೆಗೆದರೆ ಲೋಹವೂ ಹೊರಬರುತ್ತದೆ. ಕೊಳೆಯಲು ಬಿಟ್ಟರೆ ಮತ್ತೆ ಹೂಳಿಗೇ ಸೇರುತ್ತದೆ. ಲೋಹ ಕೊಳೆಯುವ ವಸ್ತುವಲ್ಲ. ಹಯಸಿಂತ್ ಕಳೆಯಲ್ಲಿ ನೂರಕ್ಕೆ ಸುಮಾರು 95 ಪಾಲು ನೀರೇ. ನೂರು ಕಿಲೋ ಹಸಿ ಕಳೆ ಒಣಗಿ ಐದು ಕಿಲೋ ಆದರೂ ಅದರಲ್ಲಿನ ಲೋಹ ಕಡಿಮೆಯಾಗದು.

ಜಪಾನಿನ ಕಾಮಿಯೋಕಾ ಗಣಿಯ ಕ್ಯಾಡ್ಮಿಯಂ ಜಿಂಜು ನದಿಯ ಮೂಲಕ ಭತ್ತದ ಗದ್ದೆಗಳಿಗೆ ಹರಿದು, ಅನ್ನದೊಡನೆ ಜನರ ಹೊಟ್ಟೆ ಸೇರಿತು. ಮೂತ್ರಪಿಂಡ ಕೆಟ್ಟು, ಮೂಳೆ ಮುರಿಯುವ 'ಇತಾಯ್-ಇತಾಯ್' ರೋಗಕ್ಕೆ ಇದೇ ಕಾರಣವೆಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ, ರೈತ ಕುಟುಂಬಗಳು ದಶಕಗಳ ಕಾಲ ನರಳಿದ ಮೇಲೆ. ನಮ್ಮ ಕೆರೆಗಳಿಗೆ ಆ ಗತಿ ಬಂದಿದೆಯೆಂದು ಹೇಳುತ್ತಿಲ್ಲ. ಬರುವ ಮೊದಲೇ ನೋಡಿಕೊಳ್ಳಬೇಕೆಂಬುದೇ ನಮ್ಮ ಮಾತು.

ಅಲ್ಲಿಯವರೆಗೆ ತಾವು ಮಾಡಬಹುದಾದದ್ದು ಇಷ್ಟು. ಕೊಳಚೆ ಸಂಸ್ಕರಿಸಿದ ನೀರು ಬರುವ ಕೆರೆಯ ಕಳೆಯನ್ನು ಕರೆಯುವ ಹಸುವಿಗೆ ಹಾಕಬೇಡಿ. ಅದರ ಗೊಬ್ಬರವನ್ನಾಗಲಿ, ಕೆರೆಯ ಹೂಳನ್ನಾಗಲಿ ಪರೀಕ್ಷೆಯಾಗದೆ ದಂಟು, ಪಾಲಕ್, ಕೊತ್ತಂಬರಿ ಮಡಿಗಳಿಗೆ ಹಾಕಬೇಡಿ. ಸೊಪ್ಪು ತರಕಾರಿಗಳು ಕ್ಯಾಡ್ಮಿಯಂ ಅನ್ನು ಸುಲಭವಾಗಿ ಹೀರುತ್ತವೆ. ತೆಗೆದ ಕಳೆಯನ್ನು ಏರಿಯ ಮೇಲೆ ಗುಡ್ಡೆ ಹಾಕದೆ, ರಸ ಕೆರೆಗೆ ಹಿಂದಿರುಗದ ಜಾಗಕ್ಕೆ ಸಾಗಿಸಿ. ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಸೀಸ, ಕ್ಯಾಡ್ಮಿಯಂ ಇಲ್ಲವೆಂಬುದು ನೆನಪಿರಲಿ. ಇವುಗಳ ಪರೀಕ್ಷೆ ಎಲ್ಲಿ ಮಾಡಿಸಬಹುದೆಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಆದರೆ ಈ ಖರ್ಚು ರೈತನ ಹೆಗಲಿಗೆ ಬೀಳಬಾರದು. ನೀರು ಹರಿಸುವ ಸಣ್ಣ ನೀರಾವರಿ ಇಲಾಖೆಯೇ ವರ್ಷಕ್ಕೊಮ್ಮೆ ಪ್ರತಿ ಕೆರೆಯ ನೀರು, ಕಳೆ, ಹೂಳು ಮೂರನ್ನೂ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಬೇಕು. ಮೇಲಿನ ಕೆರೆ ಕೋಡಿ ಹರಿದರೆ ನೀರು ಬರುವುದು ಕೆಳಗಿನ ಕೆರೆಗೇ. ಆದ್ದರಿಂದ ಉತ್ತರ ಪಿನಾಕಿನಿಯ ದಡದ ಗೌರಿಬಿದನೂರಿನವರೂ ಈ ಬೇಡಿಕೆಯಲ್ಲಿ ದನಿಗೂಡಿಸುವುದು ಒಳ್ಳೆಯದು. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ತಪ್ಪದೆ ಎತ್ತಿರಿ.