ಎಷ್ಟು ಓಡೈತಿ ಅನ್ನಬ್ಯಾಡ್ರಿ, ಎಷ್ಟು ಉಳಿದೈತಿ ಕೇಳ್ರಿ

ಹಳೇ ಗಾಡಿ ಕೊಳ್ಳಲು ಹೋದವನು ಮೊದಲು ಬಗ್ಗಿ ನೋಡುವುದು ಮೀಟರನ್ನು. ‘ಎಷ್ಟ ಓಡೈತ್ರಿ?’ ಎಂಬುದೇ ಮೊದಲ ಪ್ರಶ್ನೆ. ಲಕ್ಷ ಕಿಲೋಮೀಟರ್ ದಾಟಿದೆ ಎಂದರೆ ಕೊಳ್ಳುವವನ ಮುಖ ಸಣ್ಣದಾಗುತ್ತದೆ, ರೇಟು ಇಳಿಯುತ್ತದೆ. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ಇದೂ ಒಂದು ಪರೀಕ್ಷೆ. ಪೆಟ್ರೋಲ್, ಡೀಸೆಲ್ ಗಾಡಿಗೆ ಈ ಪರೀಕ್ಷೆ ಸಾಕಾಗಿತ್ತು. ಕರೆಂಟಿನ ಕಾರಿಗೆ ಸಾಲದು.

ಹಸಿರು ನಂಬರ್ ಪ್ಲೇಟಿನ ಕಾರು ಈಗ ದೂರದ ಊರಿನ ಸುದ್ದಿಯಲ್ಲ. ಟಾಟಾ ನೆಕ್ಸಾನ್ ಎಲೆಕ್ಟ್ರಿಕ್ ಕಾರು ಪೇಟೆಗೆ ಬಂದದ್ದು 2020ರ ಜನವರಿಯಲ್ಲಿ. ಆಗ ಕೊಂಡವರು ಬದಲಿ ಗಾಡಿ ನೋಡುವ ಕಾಲ ಬಂದಿದೆ. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಕಾರುಗಳು ಇಂದಲ್ಲ ನಾಳೆ ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಅಂಗಡಿಕಾರರ ಬಾಗಿಲಿಗೆ ಬಂದೇ ಬರುತ್ತವೆ. ‘ಪೆಟ್ರೋಲಿನ ಖರ್ಚಿಲ್ಲ ಸಾವ್ಕಾರ್ರ, ಕಣ್ಣು ಮುಚ್ಚಿ ತಗೋರಿ’ ಎನ್ನುವ ದಲ್ಲಾಳಿಗಳೂ ಜತೆಗೇ ಬರುತ್ತಾರೆ. ಕಣ್ಣು ತೆರೆಯಬೇಕಾದ್ದೇ ಆಗ.

ರೇವಾ ಹೇಳಿದ ಪಾಠ

ಈ ಗಾಡಿಯ ಕಥೆ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಬೆಂಗಳೂರಿನ ಮೈನಿ ಬಳಗದ ‘ರೇವಾ’ ರಸ್ತೆಗಿಳಿದದ್ದು 2001ರಲ್ಲಿ. ಪುಟ್ಟ ಕಾರು, ಒಳಗೆ ಎಂಟು ಸೀಸದ ಬ್ಯಾಟರಿ, ಒಂದು ಸಲ ಚಾರ್ಜ್ ಮಾಡಿದರೆ 80 ಕಿಲೋಮೀಟರ್ ಎಂಬ ಮಾತು. ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದಲೂ ಓಡಿತು. ಎಂಜಿನ್ನಿಲ್ಲ, ಕ್ಲಚ್ಚಿಲ್ಲ, ಆಯಿಲ್ ಬದಲಿಸುವ ಕೆಲಸವಿಲ್ಲ. ಆದರೆ ಸೀಸದ ಬ್ಯಾಟರಿಯ ಆಯುಷ್ಯ ಎಷ್ಟು ಎಂಬುದು ಮನೆಯಲ್ಲಿ ಇನ್ವರ್ಟರ್ ಇಟ್ಟುಕೊಂಡ ಎಲ್ಲರಿಗೂ ಗೊತ್ತು. ನೀರು ಹಾಕಬೇಕು, ಕೆಲವೇ ವರ್ಷಕ್ಕೆ ಬದಲಿಸಬೇಕು. ರೇವಾದಲ್ಲಿ ಬದಲಿಸಬೇಕಾದ್ದು ಒಂದಲ್ಲ, ಎಂಟು.

2010ರಲ್ಲಿ ಕಂಪನಿಯ ಹೆಚ್ಚಿನ ಪಾಲು ಮಹೀಂದ್ರಾ ಕೈಗೆ ಹೋಯಿತು. 2013ರಲ್ಲಿ ಲಿಥಿಯಂ ಬ್ಯಾಟರಿಯ ‘ಇ-ಟು-ಓ’ ಬಂತು. ಅದೂ ಈಗ ತಯಾರಾಗುವುದಿಲ್ಲ. ಮಾದರಿ ನಿಂತಿತು, ಆದರೆ ಮಾಲಕನ ಮನೆ ಮುಂದೆ ಗಾಡಿ ನಿಂತೇ ಇತ್ತು. ಬಿಡಿಭಾಗಕ್ಕೆ ಯಾರ ಬಾಗಿಲು ತಟ್ಟಬೇಕು ಎಂಬ ಚಿಂತೆ ಅವನ ಪಾಲಿಗೆ ಉಳಿಯಿತು. ಮೋಟಾರು ಗಟ್ಟಿ, ಬ್ಯಾಟರಿ ಸವೆಯುವ ಮಾಲು, ಕಂಪನಿ ಬದಲಾಗುವ ಸರಕು. ರೇವಾ ಹೇಳಿದ ಪಾಠ ಇಷ್ಟೇ.

ಹೊರದೇಶದಲ್ಲೂ ಅನುಭವ ಬೇರೆಯಲ್ಲ. ಜರ್ಮನಿಯ ಮಾಲಕನೊಬ್ಬನ ಟೆಸ್ಲಾ ಕಾರು 2019ರಲ್ಲಿ ಹತ್ತು ಲಕ್ಷ ಕಿಲೋಮೀಟರ್ ದಾಟಿ ಹೆಸರಾಯಿತು. ಆದರೆ ದಾರಿಯಲ್ಲಿ ಬ್ಯಾಟರಿಯೂ ಬದಲಾಗಿತ್ತು, ಮೋಟಾರೂ ಬದಲಾಗಿತ್ತು. ಜಪಾನಿನ ನಿಸಾನ್ ‘ಲೀಫ್’ ಕಾರಿನದು ಇನ್ನೊಂದು ಕಥೆ. ಅಮೆರಿಕದ ಅರಿಜೋನಾದ ಬಿಸಿಲಿಗೆ ಅದರ ಬ್ಯಾಟರಿ ಬೇಗ ಸೊರಗುತ್ತಿದೆ ಎಂದು 2012ರಲ್ಲಿ ಅಲ್ಲಿಯ ಮಾಲಕರು ಒಟ್ಟಾಗಿ ಗದ್ದಲ ಎಬ್ಬಿಸಿದರು. ಐದು ವರ್ಷದೊಳಗೆ ಬ್ಯಾಟರಿಯ ಶಕ್ತಿ ಇಂತಿಷ್ಟಕ್ಕಿಂತ ಕೆಳಗಿಳಿದರೆ ತಾನೇ ಸರಿಪಡಿಸಿಕೊಡುವುದಾಗಿ ಕಂಪನಿ ಆಮೇಲೆ ಬರಹದಲ್ಲಿ ಕೊಟ್ಟಿತು. ಒಟ್ಟಾಗಿ ಕೇಳಿದ್ದಕ್ಕೆ ಬಂತು. ಏಪ್ರಿಲ್ ಬಿಸಿಲೇನೆಂದು ಗದಗಿನವರಿಗೆ ಬೇರೆ ಹೇಳಬೇಕಾಗಿಲ್ಲ. ಈ ಕಥೆ ಇಲ್ಲಿಗೂ ಲಾಗೂ ಆಗುತ್ತದೆ.

ಮುಂಡರಗಿಯಿಂದ ಗದಗಿಗೆ ದಿನಾ

ಈಗ ಲೆಕ್ಕಕ್ಕೆ ಬರುವುದು ವಾಸಿ. ಮುಂಡರಗಿಯ ವ್ಯಾಪಾರಸ್ಥನೊಬ್ಬ ದಿನಾ ಗದಗಿಗೆ ಬಂದು ಹೋಗುತ್ತಾನೆಂದು ಹಿಡಿಯಿರಿ. ಹೋಗಿ ಬರಲು ಸುಮಾರು 80 ಕಿಲೋಮೀಟರ್, ಪೇಟೆಯ ತಿರುಗಾಟ 20. ದಿನಕ್ಕೆ 100, ವರ್ಷಕ್ಕೆ 300 ದಿನದಂತೆ 30 ಸಾವಿರ ಕಿಲೋಮೀಟರ್.

ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಾದರೆ, ಲೀಟರಿಗೆ 100 ರೂಪಾಯಿ ಎಂದು ಹಿಡಿದರೂ ದಿನದ ಖರ್ಚು 670 ರೂಪಾಯಿಯ ಹತ್ತಿರ. ಅದೇ ಅಳತೆಯ ಕರೆಂಟ್ ಕಾರಿಗೆ 100 ಕಿಲೋಮೀಟರಿಗೆ 17 ಯೂನಿಟ್ ಬೇಕು. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ 136 ರೂಪಾಯಿ. ದಿನಕ್ಕೆ 530 ರೂಪಾಯಿ ಉಳಿಯಿತು, ವರ್ಷಕ್ಕೆ ಒಂದೂವರೆ ಲಕ್ಷದ ಮೇಲೆ. ಹೆಚ್ಚು ಓಡಿದಷ್ಟೂ ಹೆಚ್ಚು ಲಾಭ. ದಲ್ಲಾಳಿ ಹೇಳುವುದು ಇಷ್ಟನ್ನೇ.

ಹೇಳದೆ ಬಿಡುವುದು ಇನ್ನೊಂದಿದೆ. ಮೊದಲ ನೆಕ್ಸಾನ್ ಬ್ಯಾಟರಿಗೆ ಕಂಪನಿಯ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಮನೆಯ ಕೆಲಸಕ್ಕೆ ಓಡಿಸುವವನಿಗೆ ಎಂಟು ವರ್ಷ ನಿಜಕ್ಕೂ ಎಂಟೇ ವರ್ಷ. ಮುಂಡರಗಿಯ ಈ ವ್ಯಾಪಾರಸ್ಥನಿಗೆ? ಆರನೇ ವರ್ಷ ಅರ್ಧ ಆಗುವುದರೊಳಗೆ ವಾರಂಟಿ ಖತಂ. ಆಮೇಲೆ ಬ್ಯಾಟರಿ ಕೈಕೊಟ್ಟರೆ ಬಿಲ್ಲು ಸಾವಿರದಲ್ಲಿ ಬರುವುದಿಲ್ಲ, ಲಕ್ಷದಲ್ಲಿ ಬರುತ್ತದೆ. ಹಾಗೆಂದು ಆ ದಿನವೇ ಬ್ಯಾಟರಿ ಸಾಯುತ್ತದೆಂದಲ್ಲ. ಲಿಥಿಯಂ ಬ್ಯಾಟರಿ ಸವೆಯುವುದು ಮೆಲ್ಲಗೆ. ಆದರೆ ಅದು ಸವೆದ ಹೊರೆ ಆಗ ಮಾಲಕನ ಹೆಗಲಿಗೆ ಬೀಳುತ್ತದೆ. ಉಳಿದ 530 ರೂಪಾಯಿಯಲ್ಲಿ 150 ರೂಪಾಯಿಯನ್ನು ದಿನಾ ಗಲ್ಲೆಯಿಂದ ತೆಗೆದು ಬೇರೆ ಇಟ್ಟವನಿಗೆ ಐದು ವರ್ಷಕ್ಕೆ ಎರಡೂಕಾಲು ಲಕ್ಷ ಕೂಡುತ್ತದೆ. ಅವನು ಬದುಕುತ್ತಾನೆ. ಎಲ್ಲವನ್ನೂ ಲಾಭವೆಂದು ತಿಂದವನು ಸಾಲಕ್ಕೆ ಬೀಳುತ್ತಾನೆ.

ಮನೆಯ ಕರೆಂಟಿನ ಮಾತೂ ಇದೆ. ತಿಂಗಳಿಗೆ 25 ದಿನ ಹೀಗೆ ಓಡಿಸಿದರೆ 400 ಯೂನಿಟ್ ದಾಟುತ್ತದೆ. ಗೃಹಜ್ಯೋತಿಯ ಮಿತಿ 200 ಯೂನಿಟ್. ಅದನ್ನು ಮೀರಿದರೆ ಮನೆಯ ಪೂರಾ ಬಿಲ್ಲು ಕಟ್ಟಬೇಕು. ಕಾರು ತರುವ ಮೊದಲೇ ಹೆಸ್ಕಾಂ ಕಚೇರಿಯಲ್ಲಿ ಬೇರೆ ಮೀಟರಿನ ವಿಚಾರ ಕೇಳಿಕೊಳ್ಳುವುದು ಜಾಣತನ. ಹಳೇ ಮನೆಗಳ ವೈರಿಂಗು, ಅರ್ಥಿಂಗು ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ರಾತ್ರಿಯೆಲ್ಲ ಹಚ್ಚಿಟ್ಟ ಕಾರು ಬೆಳಿಗ್ಗೆ ಖಾಲಿ.

ಲಕ್ಷ್ಮೇಶ್ವರಕ್ಕೆ ಹೋಗಿ ಬನ್ನಿ

ಹಾಗಾದರೆ ಹಳೇ ಕಾರನ್ನು ಪರೀಕ್ಷಿಸುವುದು ಹೇಗೆ? ಓಡಿದ್ದೆಷ್ಟು ಎಂಬುದಕ್ಕಿಂತ ಬ್ಯಾಟರಿಯಲ್ಲಿ ಉಳಿದಿದ್ದೆಷ್ಟು ಎಂಬುದೇ ಮುಖ್ಯ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಯಂತ್ರ ಹಚ್ಚಿದರೆ ಬ್ಯಾಟರಿಯ ಆರೋಗ್ಯ ನೂರಕ್ಕೆ ಎಷ್ಟು ಎಂದು ತಿಳಿಯುತ್ತದೆ. ಆ ಕಾಗದವಿಲ್ಲದೆ ಮುಂಗಡ ಕೊಡಬಾರದು.

ಕಾಗದದ ಮೇಲೂ ನಂಬಿಕೆ ಇಲ್ಲದವರಿಗೆ ರಸ್ತೆಯೇ ತಕ್ಕಡಿ. ಕಾರನ್ನು ಪೂರ್ತಿ ಚಾರ್ಜ್ ಮಾಡಿಸಿ, ಮುಳಗುಂದ ನಾಕಾದಿಂದ ಹೊರಟು ಲಕ್ಷ್ಮೇಶ್ವರ ಮುಟ್ಟಿ ವಾಪಸು ಬರಬೇಕು. ಸುಮಾರು 80 ಕಿಲೋಮೀಟರಿಗೆ ನೂರರಲ್ಲಿ 40 ಇಳಿದರೆ, ಆ ಕಾರು 200 ಕಿಲೋಮೀಟರಿನ ಕಾರು. 55 ಇಳಿದರೆ 145ರ ಕಾರು. ಮೊದಲ ನೆಕ್ಸಾನಿಗೆ ಕಾಗದದ ಮೇಲೆ 312 ಎಂದಿತ್ತು. ಹೊಸದರಲ್ಲೇ ರಸ್ತೆಯಲ್ಲಿ ಸಿಗುತ್ತಿದ್ದದ್ದು 200ರ ಆಸುಪಾಸು ಎಂಬುದು ನೆನಪಿರಲಿ. ಚಾಸಿಯ ಕೆಳಗೆ ಬ್ಯಾಟರಿ ಪೆಟ್ಟಿಗೆಗೆ ಹಂಪ್ ಬಡಿದ ಗುರುತಿದೆಯೇ ನೋಡಬೇಕು. ಗಾಡಿ ಭಾರವಾದ್ದರಿಂದ ಟೈರು ಬೇಗ ಸವೆಯುತ್ತವೆ, ಅವನ್ನೂ ನೋಡಬೇಕು. ವಾರಂಟಿ ಎರಡನೇ ಮಾಲಕನಿಗೂ ಉಂಟೇ, ಬಾಡಿಗೆಗೆ ಓಡಿಸಿದರೆ ನಡೆಯುತ್ತದೆಯೇ ಎಂದು ಸಣ್ಣ ಅಕ್ಷರವನ್ನೂ ಬಿಡದೆ ಓದಬೇಕು. ಇದಿಷ್ಟೂ ಸರಿ ಇದ್ದರೆ ಲಕ್ಷ ಓಡಿದ ಕಾರಿಗೆ ಹೆದರಬೇಕಾದ್ದಿಲ್ಲ. ಬಿಸಿಲಲ್ಲಿ ತಿಂಗಳುಗಟ್ಟಲೆ ನೂರಕ್ಕೆ ನೂರು ಚಾರ್ಜಿನಲ್ಲಿ ಸುಮ್ಮನೆ ನಿಂತ ಕಾರಿಗಿಂತ, ದಿನಾ ಹದವಾಗಿ ಓಡಿದ ಕಾರೇ ಒಳ್ಳೆಯದಿರಬಹುದು.

ಬಸ್ಸಿನವರಿಗೂ ಸಂಬಂಧವಿದೆ

‘ಕಾರಿನ ಮಾತು ಬಸ್ಸಿನಾಗ ಓಡಾಡೋರಿಗ್ಯಾಕ?’ ಎಂದು ಕೇಳಬಹುದು. ಕೊನೆಯ ಬಸ್ಸು ತಪ್ಪಿದ ರಾತ್ರಿ ಶಿರಹಟ್ಟಿಗೆ ಹೋಗುವವನು ಹತ್ತುವುದು ಬಾಡಿಗೆ ಗಾಡಿಯನ್ನೇ. ಆ ಗಾಡಿಯ ಖರ್ಚು ಇಳಿದರೆ ಬಾಡಿಗೆ ಇಳಿಸು ಎಂದು ಕೇಳಲು ಬಾಯಿ ಇರುತ್ತದೆ. ಸೊರಗಿದ ಬ್ಯಾಟರಿಯ ಗಾಡಿಯಾದರೆ ನಡುದಾರಿಯಲ್ಲಿ ಹೊಲದ ಬದುವಿನ ಮೇಲೆ ಕುಳಿತುಕೊಳ್ಳುವುದೂ ಪ್ರಯಾಣಿಕನೇ.

ಇನ್ನೊಂದು ಮಾತು. ಬೆಂಗಳೂರಿನ ಬಿಎಂಟಿಸಿ 2021ರ ಕೊನೆಯಿಂದ ಕರೆಂಟಿನ ಬಸ್ಸು ಓಡಿಸುತ್ತಿದೆ. ಆ ಕರಾರು ನೋಡಿದರೆ ಬಸ್ಸು ಕಂಪನಿಯದು, ಬ್ಯಾಟರಿ ಕಂಪನಿಯದು. ಓಡಿದ ಕಿಲೋಮೀಟರಿಗೆ ಇಷ್ಟೆಂದು ಸಂಸ್ಥೆ ದುಡ್ಡು ಕೊಡುತ್ತದೆ. ಅಂದರೆ ಅಷ್ಟು ದೊಡ್ಡ ಸಾರಿಗೆ ಸಂಸ್ಥೆಯೇ ಬ್ಯಾಟರಿಯ ಹೊರೆಯನ್ನು ತನ್ನ ತಲೆ ಮೇಲೆ ಹೊತ್ತುಕೊಳ್ಳಲಿಲ್ಲ. ಬೆಟಗೇರಿಯ ಬಟ್ಟೆ ವ್ಯಾಪಾರಿ ಮಾತ್ರ ಒಬ್ಬನೇ ಹೊರಬೇಕೆಂದರೆ ಅದು ಯಾವ ನ್ಯಾಯ?

ವಿದ್ಯುತ್ ವಾಹನಕ್ಕೆಂದು ದೇಶದಲ್ಲೇ ಮೊದಲು ನೀತಿ ಮಾಡಿದ ರಾಜ್ಯ ಕರ್ನಾಟಕ, 2017ರಲ್ಲಿ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಹಗಲೂ ರಾತ್ರಿ ತಿರುಗುತ್ತವೆ. ಇಷ್ಟಿದ್ದೂ ದೀಪದ ಬುಡದಲ್ಲಿ ಕತ್ತಲಾಗಬಾರದು. ಆಗಬೇಕಾದ್ದು ಮೂರೇ ಕೆಲಸ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಬಸ್ ನಿಲ್ದಾಣದ ಬಳಿ ಒಂದೊಂದು ಚಾರ್ಜಿಂಗ್ ಯಂತ್ರ ಇರಬೇಕು. ಬರೀ ಬೋರ್ಡಲ್ಲ, ನಡೆಯುವ ಯಂತ್ರ. 2022ರಲ್ಲಿ ರಾಜ್ಯದ 150 ಸರಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದ ಸರಕಾರ, ಬ್ಯಾಟರಿ ಬಿಚ್ಚಿ ನೋಡಬಲ್ಲ ಹುಡುಗರನ್ನು ಈ ಜಿಲ್ಲೆಗೂ ತಯಾರು ಮಾಡಬೇಕು. ಹಳೇ ಕರೆಂಟ್ ಕಾರು ಕೈ ಬದಲಾಗುವಾಗ ಆರ್‌ಟಿಓ ಕಾಗದದ ಜತೆ ಬ್ಯಾಟರಿ ಆರೋಗ್ಯದ ಕಾಗದವನ್ನೂ ಕಡ್ಡಾಯ ಮಾಡಬೇಕು.

ಇದು ಆಗುವವರೆಗೆ ಅಂಗಡಿಕಾರರು ತಮ್ಮ ತಮ್ಮ ಸಂಘಗಳಲ್ಲೇ ಒಂದು ಮಾತು ಮಾಡಿಕೊಳ್ಳಲಿ. ಕಾಗದ ತೋರಿಸದ ಕಾರಿಗೆ ಈ ಪೇಟೆಯಲ್ಲಿ ಗಿರಾಕಿ ಇಲ್ಲ ಎನ್ನಲಿ. ದೇಶದ ಮೊದಮೊದಲ ಸಹಕಾರಿ ಸಂಘಗಳಲ್ಲಿ ಒಂದು ಹುಟ್ಟಿದ್ದು ಇದೇ ಜಿಲ್ಲೆಯ ಕಣಗಿನಹಾಳದಲ್ಲಿ, 1905ರಲ್ಲಿ. ಕೂಡಿ ಕೇಳುವುದನ್ನು ಇಲ್ಲಿಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.