ತಾನಾಗೇ ಕರಗಿದ ಗೆಡ್ಡೆ

ಹೋದ ತಿಂಗಳು ದೊಡ್ಡಮ್ಮ ವಾಟ್ಸಾಪಿನಲ್ಲಿ ಒಂದು ಸುದ್ದಿ ಕಳಿಸಿ, ಎರಡೇ ನಿಮಿಷಕ್ಕೆ ಫೋನೂ ಮಾಡಿದರು. "ನೋಡೋ, ಯಾರಿಗೋ ಶ್ವಾಸಕೋಶದ ಪೊರೆಯ ಕ್ಯಾನ್ಸರ್ ಔಷಧಿ ಇಲ್ದೇನೇ ಕರಗಿ ಹೋಯ್ತಂತೆ. ನೀನು ಓದಿದವನು, ಇದು ನಿಜಾನಾ ಹೇಳು. ನಿಜ ಆದ್ರೆ ನಿಮ್ಮ ದೊಡ್ಡಪ್ಪಂಗೆ ಈ ಕೀಮೋ ಹಿಂಸೆ ಯಾಕೆ?"

ದೊಡ್ಡಪ್ಪನಿಗೆ ಬಂದಿರುವುದು ಮೀಸೋಥೀಲಿಯೋಮಾ. ಶ್ವಾಸಕೋಶವನ್ನು ಸುತ್ತಿಕೊಂಡ ತೆಳು ಪೊರೆಯಲ್ಲಿ ಹುಟ್ಟುವ ಅಪರೂಪದ ಗೆಡ್ಡೆ. ಮುಖ್ಯ ಕಾರಣ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್. ದಕ್ಷಿಣ ಆಫ್ರಿಕಾದ ನೀಲಿ ಕಲ್ನಾರಿನ ಗಣಿ ಸೀಮೆಯಲ್ಲಿ ಇಂಥ 33 ರೋಗಿಗಳನ್ನು ಕಂಡು ವ್ಯಾಗ್ನರ್ ಮತ್ತು ಸಂಗಡಿಗರು 1960ರಲ್ಲೇ ಈ ನಂಟನ್ನು ಬರೆದಿಟ್ಟರು. ಉಸಿರಿನ ಜೊತೆ ಒಳಹೋದ ಎಳೆಗಳು 20, 30, 40 ವರ್ಷವಾದ ಮೇಲೂ ಕಾಯಿಲೆ ತರುತ್ತವೆ. ದೊಡ್ಡಪ್ಪ ವಯಸ್ಸಿನಲ್ಲಿ ಹತ್ತು ವರ್ಷ ಚಾವಣಿ ಶೀಟು ಕತ್ತರಿಸುವ ಕೆಲಸ ಮಾಡಿದವರು.

ಸುಳ್ಳು ಸುದ್ದಿ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಒಂದು ವಾರ ರಾತ್ರಿ ಕೂತು ಓದಿದಾಗ ಗೊತ್ತಾಯಿತು, ಅದು ಪೂರ್ತಿ ಸುಳ್ಳಲ್ಲ. ಚಿಕಿತ್ಸೆ ಇಲ್ಲದೆ ಕ್ಯಾನ್ಸರ್ ಇಳಿದ 176 ಪ್ರಕರಣಗಳನ್ನು ಎವರ್ಸನ್ ಮತ್ತು ಕೋಲ್ ಎಂಬ ವೈದ್ಯರು 1966ರಲ್ಲಿ ಪುಸ್ತಕ ಮಾಡಿದ್ದಾರೆ. ಇಡೀ ಜಗತ್ತಿನಿಂದ, ಹಲವು ದಶಕಗಳಿಂದ ಹೆಕ್ಕಿದ್ದು, ಬರೀ 176! ಮೀಸೋಥೀಲಿಯೋಮಾದಲ್ಲಂತೂ ಬೆರಳೆಣಿಕೆಯಷ್ಟು. ಅಂಥದ್ದೊಂದು ಗೆಡ್ಡೆಯನ್ನು ಆಸ್ಟ್ರೇಲಿಯಾದ ಸಂಶೋಧಕರು ಪರೀಕ್ಷಿಸಿದಾಗ, ಕರಗುತ್ತಿದ್ದ ಜಾಗದಲ್ಲಿ ದೇಹದ ರಕ್ಷಣಾ ಕಣಗಳು ಮುತ್ತಿಕೊಂಡಿದ್ದವು.

ನಮ್ಮ ಕೆಲಸದಲ್ಲೂ ಕೆಲವು ಬಗ್‌ಗಳು ತಾವಾಗೇ ಮಾಯವಾಗುತ್ತವೆ. ಯಾಕೆ ಹೋಯಿತು ಅಂತ ಗೊತ್ತಾಗುವವರೆಗೆ ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ. ವಿಜ್ಞಾನಿಗಳೂ ಕೂರಲಿಲ್ಲ. ರಕ್ಷಣಾ ಕಣಗಳಿಗೆ ಬಿದ್ದಿರುವ ಬ್ರೇಕ್ ತೆಗೆಯುವ ದಾರಿ ಹುಡುಕಿದ ಆಲಿಸನ್ ಮತ್ತು ಹೋಂಜೊ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆ ಬಗೆಯ ಎರಡು ಔಷಧಿಗಳನ್ನು ಇದೇ ಕಾಯಿಲೆಯ 605 ಜನರ ಅಧ್ಯಯನದಲ್ಲಿ ಕೀಮೋ ಜೊತೆ ಹೋಲಿಸಿದರು. ಬದುಕಿನ ಮಧ್ಯಮ ಅವಧಿ ಕೀಮೋದಲ್ಲಿ 14.1 ತಿಂಗಳು, ಇವುಗಳಲ್ಲಿ 18.1. ಪವಾಡವಲ್ಲ, ನಾಲ್ಕು ತಿಂಗಳು. ಆದರೆ ಅದು ಲೆಕ್ಕಕ್ಕೆ ಸಿಕ್ಕ ನಾಲ್ಕು ತಿಂಗಳು.

ದೊಡ್ಡಮ್ಮನಿಗೆ ಹೇಳಿದೆ: "ನಿಜ ದೊಡ್ಡಮ್ಮ, ಹಾಗೆ ಆಗಿದೆ. ಆದ್ರೆ ಯಾರಿಗೆ ಆಗುತ್ತೆ ಅಂತ ಯಾರಿಗೂ ಮೊದಲೇ ಗೊತ್ತಾಗಲ್ಲ. ಅದನ್ನ ಕಾಯ್ತಾ ಕೀಮೋ ನಿಲ್ಲಿಸೋದು ಬೇಡ. ಈ ಹೊಸ ಔಷಧಿ ದೊಡ್ಡಪ್ಪಂಗೆ ಆಗುತ್ತಾ ಅಂತ ಡಾಕ್ಟರನ್ನೇ ಕೇಳೋಣ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅವರ ಕೈಯಿಂದ ಏನನ್ನೋ ಕಿತ್ತುಕೊಂಡೆನೇನೋ ಅನ್ನಿಸಿತು. ಹಿಂದೆ ದೊಡ್ಡಪ್ಪ ಕೆಮ್ಮುವುದು ಕೇಳಿಸುತ್ತಿತ್ತು.

ನಿಮ್ಮ ಕೊಟ್ಟಿಗೆಯ ಮೇಲೂ ಹಳೇ ಕಲ್ನಾರು ಶೀಟಿದ್ದರೆ ನೀವಾಗಿ ಒಡೆಯಬೇಡಿ, ಕತ್ತರಿಸಬೇಡಿ, ತೂತು ಕೊರೆಯಬೇಡಿ. ಕಾಯಿಲೆ ತರುವುದು ಆ ಧೂಳು.

ಕೊನೆಗೆ ದೊಡ್ಡಮ್ಮ ಕೇಳಿದರು: "ಸರಿ ಕಣೋ. ಸೋಮವಾರ ಆಸ್ಪತ್ರೆಗೆ ಎಷ್ಟು ಗಂಟೆಗೆ ಹೊರಡಬೇಕು?"